ರೂಪಾಯಿ ತೂಕದ ಹರಿವಾಣ

ವಿಷುವಿಗೆ ನಮ್ಮ ಪುತ್ತೂರು ಸೀಮೆಯ ಆಡುಮಾತಿನಲ್ಲಿ ಬಿಸು ಎನ್ನುತ್ತಾರೆ. ಸೌರಮಾನದ ಯುಗಾದಿ ಅದು. ಏಪ್ರಿಲ್ ತಿಂಗಳ ನಡುವಿನಲ್ಲಿ, ಮಹಾಲಿಂಗೇಶ್ವರನ ಜಾತ್ರೆಯ ಗೌಜಿ ಊರಲ್ಲೆಲ್ಲ ತುಂಬಿರುವಾಗಲೇ ಬರುತ್ತದೆ. ಹಬ್ಬದ ಹಿಂದಿನ ರಾತ್ರಿ ಮನೆಮಂದಿ ಮಲಗಿದ ಮೇಲೆ ನಮ್ಮಜ್ಜಿ ಒಬ್ಬಳೇ ಎದ್ದು ದೇವರ ಕೋಣೆಯಲ್ಲಿ ಕಣಿ ಇಡುತ್ತಿದ್ದಳು. ದೊಡ್ಡದೊಂದು ಬೆಳ್ಳಿಯ ಹರಿವಾಣ. ಅದರಲ್ಲಿ ಬೆಳ್ತಿಗೆ ಅಕ್ಕಿ. ಅಕ್ಕಿಯ ಮೇಲೆ ತೆಂಗಿನಕಾಯಿ, ಎಳೆ ಸೌತೆ, ಗೇರುಹಣ್ಣು, ಮಾವಿನಕಾಯಿ, ವೀಳ್ಯದೆಲೆ, ಅಡಿಕೆ, ಹಿಂಗಾರದ ಒಂದೆರಡು ಎಸಳು. ಹಿಂದೆ ಒರಗಿಸಿಟ್ಟ ಕನ್ನಡಿ. ಕನ್ನಡಿಯ ಮುಂದೆ ಅವಳ ಕೊರಳ ಸರ. ಮರುದಿನ ನಸುಕಿನಲ್ಲಿ ನಮ್ಮ ಕಣ್ಣು ಮುಚ್ಚಿ ನಡೆಸಿಕೊಂಡು ಹೋಗಿ, ಹರಿವಾಣದ ಮುಂದೆ ನಿಲ್ಲಿಸಿ ಕೈ ತೆಗೆಯುವಳು. ವರ್ಷದ ಮೊದಲ ನೋಟ ಅದು. ದೀಪದ ಬೆಳಕು ಬೆಳ್ಳಿಯ ಅಂಚಿನಲ್ಲಿ ಓಡಾಡುತ್ತಿದ್ದುದು, ಕನ್ನಡಿಯಲ್ಲಿ ನಿದ್ದೆಗಣ್ಣಿನ ನಮ್ಮದೇ ಮುಖ ಕಾಣುತ್ತಿದ್ದುದು, ಇಷ್ಟು ವರ್ಷಗಳಾದ ಮೇಲೂ ನನ್ನ ಕಣ್ಣಿಗೆ ಕಟ್ಟಿದಂತಿದೆ.

ಆ ಹರಿವಾಣಕ್ಕೆ ಮನೆಯಲ್ಲಿ ಒಂದು ಹೆಸರಿತ್ತು: 'ಅರುವತ್ತು ರೂಪಾಯಿಯದ್ದು'. ಅದರ ಕ್ರಯ ಅರುವತ್ತು ರೂಪಾಯಿ ಇದ್ದಿರಬೇಕೆಂದು ಹುಡುಗನಾಗಿದ್ದಾಗ ತಿಳಿದುಕೊಂಡಿದ್ದೆ. ಅದು ಕ್ರಯವಲ್ಲ, ತೂಕ ಎಂದು ಸ್ವಲ್ಪ ದೊಡ್ಡವನಾದ ಮೇಲೆ ಅಪ್ಪ ತಿದ್ದಿದರು. ತೂಕವೂ ಹೌದು, ಕ್ರಯವೂ ಹೌದು, ಒಂದು ಕಾಲದಲ್ಲಿ ಎರಡೂ ಬೇರೆಬೇರೆಯಾಗಿರಲಿಲ್ಲ ಎಂಬುದು ನನಗೆ ತಿಳಿದದ್ದು ಚರಿತ್ರೆಯ ಪುಸ್ತಕಗಳನ್ನು ತಿರುವಿಹಾಕತೊಡಗಿದ ಮೇಲೆ. ಇಂದು ನಾನು ಹೇಳಹೊರಟಿರುವುದು ಆ ಕತೆಯನ್ನೇ.

ಹಬ್ಬದ ಪೂಜೆಗೆ ಬೆಳ್ಳಿಯ ಸಾಮಗ್ರಿ ಬೇಕೆಂಬುದು ಇಂದು ಎಲ್ಲರೂ ಒಪ್ಪಿದ ಮಾತು. ಅನಾದಿಯಿಂದಲೂ ಹೀಗೇ ನಡೆದು ಬಂದಿದೆ ಎಂದೇ ಬಹಳ ಮಂದಿಯ ನಂಬಿಕೆ. ಆದರೆ ಶಾಸ್ತ್ರವನ್ನು ಕೇಳಿದರೆ ಅದು ಬೇರೆಯೇ ಹೇಳುತ್ತದೆ. ತೈತ್ತಿರೀಯ ಸಂಹಿತೆಯ ಮೊದಲ ಕಾಂಡದಲ್ಲಿ ಒಂದು ಕತೆಯಿದೆ. ದೇವತೆಗಳಿಗೂ ಅಸುರರಿಗೂ ಯುದ್ಧ ಒದಗಿತು. ಸೋತರೆ ಇದಾದರೂ ಉಳಿಯಲಿ ಎಂದು ದೇವತೆಗಳು ತಮ್ಮ ಬೆಲೆಬಾಳುವ ಒಡವೆಯನ್ನೆಲ್ಲ ಅಗ್ನಿಯ ವಶದಲ್ಲಿ ನಿಕ್ಷೇಪವಿಟ್ಟರು. ಅಗ್ನಿಗೆ ಅದರ ಮೇಲೆ ಆಸೆ ಹುಟ್ಟಿತು, ಎತ್ತಿಕೊಂಡು ಹೊರಟೇಹೋದ. ಗೆದ್ದು ಬಂದ ದೇವತೆಗಳು ಬೆನ್ನಟ್ಟಿ ಬಲಾತ್ಕಾರದಿಂದ ಕಸಿದುಕೊಳ್ಳಹೋದಾಗ ಅವನು ಅತ್ತ. ಅತ್ತುದರಿಂದ ರುದ್ರನೆನಿಸಿದ. ನೆಲಕ್ಕೆ ಬಿದ್ದ ಆ ಕಣ್ಣೀರೇ ಬೆಳ್ಳಿಯಾಯಿತು. ಕಣ್ಣೀರಿನಿಂದ ಹುಟ್ಟಿದ್ದಾದುದರಿಂದ ಅದು ಯಜ್ಞದ ದಕ್ಷಿಣೆಗೆ ಸಲ್ಲದು. ಕೊಟ್ಟವನ ಮನೆಯಲ್ಲಿ ವರ್ಷ ತುಂಬುವುದರೊಳಗೆ ಅಳು ಕೇಳಿಬರುತ್ತದೆ. ಮತ್ಸ್ಯಪುರಾಣದ್ದೂ ಇದೇ ಧಾಟಿ. ಬೆಳ್ಳಿ ಶಿವನ ಕಣ್ಣಿನಿಂದ ಹುಟ್ಟಿದ್ದು, ಪಿತೃಗಳಿಗೆ ಪ್ರಿಯ, ದೇವಕಾರ್ಯದಲ್ಲಿ ವರ್ಜ್ಯ ಎನ್ನುತ್ತದೆ ಅದು. ಪಿತೃಗಳಿಗೆ ಬೆಳ್ಳಿಯ ಪಾತ್ರೆಯಲ್ಲಿ ಕೊಟ್ಟ ನೀರೂ ಅಕ್ಷಯವಾಗುತ್ತದೆ ಎಂದು ಮನುವಿನ ಮಾತು. ಒಟ್ಟಿನಲ್ಲಿ ಬೆಳ್ಳಿಗೆ ಶಾಸ್ತ್ರಕಾರರು ಕೊಟ್ಟ ಸ್ಥಾನ ಶ್ರಾದ್ಧದ ಮಣೆಯ ಬಳಿ.

ನಮ್ಮ ಸೀಮೆಯ ಹವ್ಯಕರಲ್ಲಿ ಹೆಚ್ಚಿನವರು ಕೃಷ್ಣಯಜುರ್ವೇದದವರು. ಈ ಸಂಹಿತೆಯನ್ನೇ ತಲೆಮಾರುಗಳಿಂದ ಬಾಯಿಪಾಠ ಹೇಳಿಕೊಂಡು ಬಂದವರು. ಬೆಳ್ಳಿಯ ದಕ್ಷಿಣೆ ಕೂಡದೆಂಬ ವಾಕ್ಯವನ್ನು ಸ್ವರ ತಪ್ಪದೆ ಹೇಳುತ್ತಲೇ ನೂರು ವರ್ಷಕ್ಕೂ ಮಿಕ್ಕಿ ಬೆಳ್ಳಿಯ ರೂಪಾಯಿಯ ದಕ್ಷಿಣೆಯನ್ನು ಸೆರಗಿಗೆ ಕಟ್ಟಿಕೊಂಡರು. ನನ್ನ ಹಿರಿಯರೂ ಅವರಲ್ಲಿ ಸೇರಿದವರೇ ಆದುದರಿಂದ ಈ ಮಾತನ್ನು ಹೇಳುವ ಸಲುಗೆ ನನಗಿದೆ.

ಹಾಗಾದರೆ ವರ್ಜ್ಯವೆನಿಸಿದ ಲೋಹ ದೇವರ ಮುಂದೆ ಬಂದು ಕುಳಿತದ್ದು ಯಾವಾಗ, ಹೇಗೆ? ಈ ಪ್ರಶ್ನೆಗೆ ಉತ್ತರ ಧರ್ಮಶಾಸ್ತ್ರಕ್ಕಿಂತ ಹೆಚ್ಚಾಗಿ ಕಂದಾಯದ ಕಡತಗಳಲ್ಲಿದೆ ಎಂದು ನನಗೆ ತೋರುತ್ತದೆ.

ಮೊದಲು ಒಂದು ಸಂಗತಿಯನ್ನು ಗಮನಿಸಬೇಕು. ಬೆಳ್ಳಿ ನಮ್ಮ ನೆಲದ ಬೆಳೆಯಲ್ಲ. ಕನ್ನಡನಾಡಿನಲ್ಲಿ ಚಿನ್ನ ಸಿಕ್ಕಿತು. ಬೆಳ್ಳಿ ಹಡಗಿನಲ್ಲಿ ಬರಬೇಕಾಯಿತು. ಇಂದಿನ ಬೊಲಿವಿಯಾ ದೇಶದಲ್ಲಿರುವ ಪೊಟೋಸಿಯ ಗಣಿ 1545ರಲ್ಲಿ ಬಾಯಿ ತೆರೆದ ಮೇಲೆ ಸ್ಪೇನಿನವರು ಅಗೆದು ತೆಗೆದ ಬೆಳ್ಳಿ ಯೂರೋಪು, ಪರ್ಶಿಯಾ ಕೊಲ್ಲಿಗಳನ್ನು ಬಳಸಿಕೊಂಡು ಮಂಗಳೂರು ಬಸರೂರುಗಳ ಬಂದರಕ್ಕೆ ಬಂದು ನಮ್ಮ ಅಕ್ಕಿ ಮೆಣಸುಗಳನ್ನು ಕೊಂಡುಕೊಂಡಿತು. ಆದರೂ ನಾಡಿನ ಹಣ ಬೆಳ್ಳಿಯದಾಗಲಿಲ್ಲ. ವಿಜಯನಗರದವರೂ ಕೆಳದಿಯವರೂ ಮುಖ್ಯವಾಗಿ ಅಚ್ಚುಹಾಕಿಸಿದ್ದು ಚಿನ್ನದ ವರಹ. ನಮ್ಮ ಕಡೆ ಗದ್ದೆ ತೋಟಗಳ ಲೆಕ್ಕ ನಡೆದದ್ದು ವರಹ ಹಣಗಳಲ್ಲಿ. ಕೊಡುಕೊಳ್ಳುವಿಕೆ ನಡೆದದ್ದು ಬಹುಮಟ್ಟಿಗೆ ಭತ್ತದಲ್ಲಿ. ಮನೆಯ ಪೂಜೆಯ ಪಾತ್ರೆಗಳು ತಾಮ್ರ, ಹಿತ್ತಾಳೆ, ಕಂಚು. ನಾಗನಿಗಂತೂ ಕಲ್ಲು, ಹಾಲು, ಸೀಯಾಳ, ಹಿಂಗಾರ ಇವಿಷ್ಟೇ ಸಾಕು. ಬನದಲ್ಲಿ ಇಂದಿಗೂ ಬೆಳ್ಳಿಗೆ ಕೆಲಸವಿಲ್ಲ.

ಮದರಾಸು ಸರಕಾರ ವರಹವನ್ನು ಬಿಟ್ಟು ಬೆಳ್ಳಿಯ ರೂಪಾಯಿಯನ್ನು ತನ್ನ ಮೂಲ ನಾಣ್ಯವಾಗಿ ಮಾಡಿದ್ದು 1818ರಲ್ಲಿ. 1835ರಲ್ಲಿ ಕಂಪೆನಿಯ ಆಡಳಿತವಿದ್ದ ಕಡೆಗೆಲ್ಲ ಒಂದೇ ರೂಪಾಯಿ ಎಂದು ಶಾಸನವಾಯಿತು: ತೂಕ 180 ಗ್ರೇನು, ಹನ್ನೆರಡರಲ್ಲಿ ಹನ್ನೊಂದು ಪಾಲು ಶುದ್ಧ ಬೆಳ್ಳಿ. ನಾಲ್ಕನೆಯ ವಿಲಿಯಂ ದೊರೆಯ ತಲೆಯನ್ನು ಹೊತ್ತ ಈ ಹೊಸ ನಾಣ್ಯ ನಮ್ಮ ಗುಡ್ಡಗಾಡಿಗೆ ಕಾಲಿಟ್ಟ ಸಮಯ ಸೋಜಿಗದ್ದು. ಅದಕ್ಕೆ ಒಂದು ವರ್ಷ ಮುಂಚೆ, 1834ರಲ್ಲಿ, ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕಂಪೆನಿ ಕೊಡಗನ್ನು ನುಂಗಿತ್ತು. ಅಲ್ಲಿಯವರೆಗೆ ಕೊಡಗಿಗೆ ಸೇರಿದ್ದ ಅಮರ ಸುಳ್ಯದ ಸೀಮೆ ಕನ್ನಡ ಜಿಲ್ಲೆಗೆ ಕೂಡಿಕೊಂಡಿತು. ಅರಸನ ಕಾಲದಲ್ಲಿ ತೆರಿಗೆಯನ್ನು ಬೆಳೆಯ ರೂಪದಲ್ಲಿ ಅಳೆದುಕೊಡುತ್ತಿದ್ದ ಒಕ್ಕಲು ಇನ್ನು ಮೇಲೆ ರೊಕ್ಕ ಎಣಿಸಬೇಕೆಂದಾಯಿತು. ರೊಕ್ಕ ಎಲ್ಲಿದೆ? ಸುಗ್ಗಿಯಲ್ಲಿ ಎಲ್ಲರೂ ಒಟ್ಟಿಗೆ ಭತ್ತ ಮಾರಹೊರಟರೆ ವ್ಯಾಪಾರಿ ಹೇಳಿದ್ದೇ ದರ. ಒಂದು ಬೆಳ್ಳಿಯ ಬಿಲ್ಲೆಗಾಗಿ ಎಷ್ಟು ಮುಡಿ ಅಕ್ಕಿ ಕೈಬಿಟ್ಟು ಹೋಯಿತೋ!

ಇದರ ಕೊನೆ ಏನಾಯಿತೆಂಬುದನ್ನು ನಮ್ಮ ಕಡೆಯವರು 'ಕಲ್ಯಾಣಪ್ಪನ ಕಾಟುಕಾಯಿ' ಎಂಬ ಹೆಸರಿನಲ್ಲಿ ನೆನೆಯುತ್ತಾರೆ. 1837ರ ಮಾರ್ಚ್ ತಿಂಗಳ ಕೊನೆಯಲ್ಲಿ ಕೆದಂಬಾಡಿ ರಾಮಯ್ಯಗೌಡರೇ ಮೊದಲಾದವರ ಮುಂದಾಳುತನದಲ್ಲಿ ರೈತರು ಬೆಳ್ಳಾರೆಯ ಸರಕಾರಿ ಖಜಾನೆಯನ್ನು ಒಡೆದರು. ಪುತ್ತೂರು, ಪಾಣೆಮಂಗಳೂರು, ಬಂಟವಾಳಗಳನ್ನು ಹಾಯ್ದು ಏಪ್ರಿಲ್ 5ರಂದು ಮಂಗಳೂರನ್ನು ಹಿಡಿದರು. ಸುಮಾರು ಎರಡು ವಾರ ಪಟ್ಟಣ ಅವರ ಕೈಯಲ್ಲಿತ್ತು. ಆ ವರ್ಷದ ಬಿಸು ಬಂದದ್ದು ಆ ಎರಡು ವಾರಗಳೊಳಗೇ. ಮುಂದೆ ದಂಡು ಬಂತು, ಗಲ್ಲುಗಂಬಗಳು ಎದ್ದವು. ಸುಬ್ರಹ್ಮಣ್ಯದ ಹತ್ತಿರದ ಕುಳ್ಕುಂದದಲ್ಲಿ ಹುಟ್ಟಿದ ನಿರಂಜನರು 'ಕಲ್ಯಾಣಸ್ವಾಮಿ' ಕಾದಂಬರಿಯಲ್ಲಿ ಈ ದಂಗೆಯನ್ನು ಚಿತ್ರಿಸಿದ್ದಾರೆ; ಸಾಹಿತ್ಯಾಸಕ್ತರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ನನಗಿಲ್ಲಿ ಮುಖ್ಯವಾಗುವುದು ಇಷ್ಟು: ಇಂದಿನ ಪುತ್ತೂರು, ಸುಳ್ಯ, ಈಚೆಗೆ ತಾಲೂಕಾದ ಕಡಬ, ಈ ಮೂರು ತಾಲೂಕುಗಳ ಸಾಮಾನ್ಯ ಒಕ್ಕಲಿಗೆ ಬೆಳ್ಳಿಯ ಪರಿಚಯವಾದದ್ದು ತೆರಿಗೆಯ ತಗಾದೆಯಾಗಿ. ಆ ಪರಿಚಯದಲ್ಲೂ ಕಣ್ಣೀರಿತ್ತು.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸ್ಥಿತಿ ಮೆಲ್ಲಮೆಲ್ಲನೆ ಬದಲಾಯಿತು. ಅಡಿಕೆ ಮೆಣಸುಗಳನ್ನು ಎತ್ತಿನ ಗಾಡಿಯಲ್ಲಿ ಬಂಟವಾಳಕ್ಕೆ ಇಳಿಸಿ, ಅಲ್ಲಿಂದ ದೋಣಿಯಲ್ಲಿ ಮಂಗಳೂರಿಗೆ ಸಾಗಿಸಿ ಮಾರಿದವನ ಕೈಯಲ್ಲಿ ತೀರ್ವೆ ಕಟ್ಟಿದ ಮೇಲೂ ನಾಲ್ಕು ರೂಪಾಯಿ ಉಳಿಯತೊಡಗಿತು. ಉಳಿದದ್ದನ್ನು ಇಡುವುದೆಲ್ಲಿ? ಬ್ಯಾಂಕುಗಳ ತವರೆಂದು ಹೆಸರಾದ ಈ ಜಿಲ್ಲೆಯಲ್ಲಿ ಮಂಗಳೂರಿನ ಕೆನರಾ ಬ್ಯಾಂಕು, ಉಡುಪಿಯ ಕಾರ್ಪೊರೇಶನ್ ಬ್ಯಾಂಕು ಎರಡೂ ಹುಟ್ಟಿದ್ದು 1906ರಲ್ಲಿ. ಮೊಳಹಳ್ಳಿ ಶಿವರಾಯರು ಪುತ್ತೂರಿನಲ್ಲಿ ಸಹಕಾರದ ಬೀಜ ಬಿತ್ತಿದ್ದು 1909ರಲ್ಲಿ. ಅದಕ್ಕೆ ಮುಂಚೆ ಪತ್ತಾಯದ ಅಡಿ, ಇಲ್ಲವೆ ಮಣ್ಣಿನ ಅಡಿ. ಕಾಡಿನ ನಡುವೆ ಒಂಟಿ ಮನೆ. ರೂಪಾಯಿಯ ಗಂಟಿದ್ದರೆ ಕಳ್ಳನ ಭಯ, ಅದಕ್ಕಿಂತ ಹೆಚ್ಚಾಗಿ ಸಾಲ ಕೇಳುವ ನೆಂಟನ ಭಯ. ಅದೇ ರೂಪಾಯಿಯನ್ನು ಕರಗಿಸಿ ದೇವರ ಹರಿವಾಣವನ್ನೋ ಗಿಂಡಿಯನ್ನೋ ಮಾಡಿಸಿಟ್ಟರೆ ಕೇಳುವ ಧೈರ್ಯ ಯಾವ ನೆಂಟನಿಗಿದ್ದೀತು? ದೇವತೆಗಳು ತಮ್ಮ ಒಡವೆಯನ್ನು ಅಗ್ನಿಯ ವಶದಲ್ಲಿಟ್ಟಂತೆ ನಮ್ಮ ಹಿರಿಯರು ತಮ್ಮ ಉಳಿತಾಯವನ್ನು ದೇವರ ಕೋಣೆಯಲ್ಲಿ ನಿಕ್ಷೇಪವಿಟ್ಟರು. ಭಕ್ತಿ ಇರಲಿಲ್ಲವೆಂದು ನನ್ನ ಅಭಿಪ್ರಾಯವಲ್ಲ. ಭಕ್ತಿಯೂ ಲೆಕ್ಕವೂ ಒಂದೇ ಮಣೆಯ ಮೇಲೆ ಕುಳಿತಿದ್ದುವು, ಒಂದನ್ನೊಂದು ಎಬ್ಬಿಸಲಿಲ್ಲ.

ಮಾಡುವ ಕ್ರಮ ಸರಳ. ಮನೆಯಾತ ರೂಪಾಯಿಗಳನ್ನು ಎಣಿಸಿ ಅಕ್ಕಸಾಲಿಯ ಮುಂದಿಡುವನು. ಹರಿವಾಣ ಎಷ್ಟು ದೊಡ್ಡದು ಬೇಕೋ ಅಷ್ಟು ರೂಪಾಯಿ. ನಾಣ್ಯಗಳು ಬೆಳಿಗಾರದೊಡನೆ ಮೂಸೆಯಲ್ಲಿ ಕರಗಿ ಗಟ್ಟಿಯಾಗುವುವು; ಗಟ್ಟಿ ಬಡಿತಕ್ಕೆ ತಗಡಾಗುವುದು; ಬಡಿದು ಬಿರುಸಾದಾಗ ಮತ್ತೆ ಬೆಂಕಿಯಲ್ಲಿ ಹದಕ್ಕೆ ತಂದು ಅಂಚು ಎತ್ತುವುದು. ಸರಕಾರದ ಮುದ್ರೆಯೇ ಶುದ್ಧತೆಗೆ ಸಾಕ್ಷಿಯಾದುದರಿಂದ ಒರೆಗಲ್ಲಿನ ತಂಟೆಯಿಲ್ಲ. ಒಂದು ರೂಪಾಯಿ ತೂಕವೆಂದರೆ ಒಂದು ತೊಲೆ, ಇಂದಿನ ಲೆಕ್ಕದಲ್ಲಿ 11.66 ಗ್ರಾಂ. ಹಳೆಯ ಕಚ್ಚಾ ಸೇರು ಎಂದರೂ 24 ರೂಪಾಯಿ ತೂಕವೇ. ಅಳತೆ, ಹಣ, ಪಾತ್ರೆ ಮೂರೂ ಒಂದೇ ಲೋಹದ ಮೂರು ವೇಷಗಳಾಗಿದ್ದ ಕಾಲ ಅದು. ಅರುವತ್ತು ರೂಪಾಯಿಯ ಹರಿವಾಣ ಎಂದರೆ ಅರುವತ್ತು ರೂಪಾಯಿಗಳೇ ಹರಿವಾಣವಾದದ್ದು.

1893ರಲ್ಲಿ ಸರಕಾರ ಖಾಸಗಿಯವರ ಬೆಳ್ಳಿಗೆ ಟಂಕಸಾಲೆಯ ಬಾಗಿಲು ಮುಚ್ಚಿತು. ಆ ಮೇಲೆ ನಾಣ್ಯದ ಮುಖಬೆಲೆ ಅದರೊಳಗಿನ ಬೆಳ್ಳಿಗಿಂತ ಹೆಚ್ಚಾಯಿತು. ಲೆಕ್ಕ ಬಲ್ಲವನಿಗೆ ರೂಪಾಯಿ ಕರಗಿಸುವುದು ನಷ್ಟದ ಬಾಬು. ಮೊದಲನೆಯ ಮಹಾಯುದ್ಧದಲ್ಲಿ ಬೆಳ್ಳಿಯ ಬೆಲೆ ಏರಿ ಲೆಕ್ಕ ತಿರುಗಿ ಬುಡಮೇಲಾಯಿತು. 1917ರಲ್ಲಿ ಒಂದು ರೂಪಾಯಿಯ ನೋಟು ಬಂತು. ಮರುವರ್ಷ ಅಮೆರಿಕ 25 ಕೋಟಿಗೂ ಹೆಚ್ಚು ಡಾಲರ್ ನಾಣ್ಯಗಳನ್ನು ಕರಗಿಸಿ ಭಾರತದ ರೂಪಾಯಿಗಾಗಿ ಬೆಳ್ಳಿ ಒದಗಿಸಿತು. ಸುಳ್ಯದ ಕಡೆಯ ಯಾವುದೋ ಮನೆಯ ಗಂಧದ ಬಟ್ಟಲಲ್ಲಿ ಅಮೆರಿಕದ ಒಂದು ಡಾಲರು ಅಡಗಿ ಕುಳಿತಿರಬಾರದೆಂದೇನೂ ಇಲ್ಲ. ಎರಡನೆಯ ಯುದ್ಧ ಈ ಕತೆಗೆ ತೆರೆ ಎಳೆಯಿತು. 1940ರಲ್ಲಿ ರೂಪಾಯಿಯ ಬೆಳ್ಳಿ ಅರ್ಧಕ್ಕೆ ಇಳಿಯಿತು. ಯುದ್ಧ ಮುಗಿದ ಮೇಲೆ ಬಂದ ನಿಕ್ಕಲಿನ ರೂಪಾಯಿಯಲ್ಲಿ ಬೆಳ್ಳಿ ಹೆಸರಿಗೂ ಇಲ್ಲ. ಹಳೆಯ ರಾಣಿ ರೂಪಾಯಿಗಳು ಪೆಟ್ಟಿಗೆ ಸೇರಿದುವು. ಬಿಸುವಿನ ಕಣಿಗೂ ದೀಪಾವಳಿಯ ಲಕ್ಷ್ಮೀಪೂಜೆಗೂ ಮಾತ್ರ ಹೊರಗೆ ಬಂದು ಮುಖ ತೋರಿಸಿ ಒಳಗೆ ಹೋಗುವುವು.

ಈ ರೂಪಾಯಿಗಳಿಂದ ಹುಟ್ಟಿದ ಸಾಮಗ್ರಿ ಎಂಥವು? ಹರಿವಾಣ ದೊಡ್ಡ ಮನೆಗಳ ಮಾತು. ಸಾಮಾನ್ಯರಲ್ಲಿ ಮೊದಲು ಬಂದದ್ದು ಕೌಳಿಗೆ ಸಕ್ಕಣ. ಬಯಲುಸೀಮೆಯವರು ಪಂಚಪಾತ್ರೆ ಉದ್ಧರಣೆ ಎನ್ನುವುದನ್ನೇ ನಾವು ಹಾಗೆನ್ನುವುದು. ಆ ಮೇಲೆ ಕುಂಕುಮದ ಭರಣಿ, ಆರತಿ, ಸಾಲಿಗ್ರಾಮದ ಸಂಪುಟ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ನಾಡಿನಲ್ಲಿ ಬೆಳ್ಳಿ ಕಪ್ಪಾಗುವುದು ಬೇಗ. ಆದುದರಿಂದ ದಿನದ ಪೂಜೆಗೆ ತಾಮ್ರ. ಬೆಳ್ಳಿ ಬಟ್ಟೆಯಲ್ಲಿ ಸುತ್ತಿಕೊಂಡು ಕತ್ತಲಲ್ಲಿದ್ದು ಚೌತಿ, ನವರಾತ್ರಿ, ದೀಪಾವಳಿ, ಬಿಸುವಿಗೆ ಏಳುವುದು. ಹಬ್ಬದ ಹಿಂದಿನ ದಿನ ಮಧ್ಯಾಹ್ನ ಹೆಂಗಸರು ಹುಣಿಸೆಹುಳಿ, ಅಂಟುವಾಳ, ನುಣ್ಣನೆಯ ಬೂದಿ ಇಟ್ಟುಕೊಂಡು ಉಜ್ಜಲು ಕೂರುವರು. ನನ್ನ ಮಟ್ಟಿಗೆ ಹಬ್ಬ ಮೊದಲಾಗುತ್ತಿದ್ದುದು ಆ ಸದ್ದಿನಿಂದ.

ಗೌಡರ, ಬಂಟರ ಮನೆಗಳ ಬೆಳ್ಳಿ ಬೇರೆ ದಾರಿ ಹಿಡಿಯಿತು. ಅಲ್ಲಿ ಕೂಡಿದ ಬೆಳ್ಳಿ ಹೆಚ್ಚಾಗಿ ದೈವದ ಭಂಡಾರಕ್ಕೆ ಸಂದಿತು. ಮೊಗ, ಕಡ್ತಲೆಯ ಹಿಡಿ, ಚವರಿಯ ಹಿಡಿ. ಕಷ್ಟಕಾಲದಲ್ಲಿ ಮನೆದೇವರ ಕೌಳಿಗೆಯನ್ನು ಅಡವಿಟ್ಟು ದೇವರಿಗೆ ಕೈಮುಗಿದು ಕ್ಷಮೆ ಕೇಳಬಹುದು. ದೈವದ ಹತ್ತಿರ ಆ ಸಲುಗೆ ನಡೆಯದು. ನಮ್ಮ ಸೀಮೆಯ ಹಳೆಯ ಬೆಳ್ಳಿಯ ಕೆಲಸವೇನಾದರೂ ಕರಗದೆ ಉಳಿದಿದ್ದರೆ ಅದು ಈ ಭಯದಿಂದಾಗಿಯೇ ಎಂದು ನನ್ನ ಎಣಿಕೆ. ಇನ್ನು ಕುಕ್ಕೆಗೆ ಹರಕೆ ಹೊತ್ತವರು ಒಪ್ಪಿಸುವ ಬೆಳ್ಳಿಯ ನಾಗ, ಬೆಳ್ಳಿಯ ಕಣ್ಣುಗಳ ವಿಚಾರ ದೇವಸ್ಥಾನದ ಚರಿತ್ರೆಗೆ ಸೇರಿದ್ದು, ಇಲ್ಲಿ ಬಿಡುತ್ತೇನೆ.

ಈಗ ನಮ್ಮ ಹರಿವಾಣಕ್ಕೆ ಬರುತ್ತೇನೆ. ಅದನ್ನು ಮಾಡಿಸಿದವನು ನನ್ನ ಪಿಜ್ಜ. ಅಜ್ಜನ ಅಪ್ಪನನ್ನು ನಮ್ಮ ಕಡೆ ಹೀಗೆ ಕರೆಯುತ್ತೇವೆ. ಮಾಡಿದ ಅಕ್ಕಸಾಲಿ ಅದರ ತಳದ ನಡುವಿನಲ್ಲಿ ಒಂದು ರೂಪಾಯಿಯನ್ನು ಕರಗಿಸದೆ ಹಾಗೆಯೇ ಬೆಸುಗೆ ಹಾಕಿದ್ದ. ಹರಿವಾಣ ಮಗುಚಿದರೆ ವಿಕ್ಟೋರಿಯಾ ರಾಣಿಯ ಮುಖ. ಹಿಂಬದಿಯ ವರ್ಷ ಕಾಣದಂತೆ ಬೆಸುಗೆಯೊಳಗೆ ಹೂತಿತ್ತು. ಪಿಜ್ಜ ಎಲ್ಲಿಯೂ ಬರೆದಿಡದ ಲೆಕ್ಕದ ಚೀಟಿ ಅದು ಎಂದು ನನಗನ್ನಿಸುತ್ತಿತ್ತು.

1970ರ ಸುಮಾರಿಗೆ ಅಡಿಕೆಯ ಧಾರಣೆ ನೆಲ ಕಚ್ಚಿತು. ಕ್ಯಾಂಪ್ಕೊ ಇನ್ನೂ ಹುಟ್ಟಿರಲಿಲ್ಲ. ಆ ಕುಸಿತದ ಪಾಠದಿಂದಲೇ ಅದು 1973ರಲ್ಲಿ ಹುಟ್ಟಿದ್ದು. ಅಂಗಳದಲ್ಲಿ ಅಡಿಕೆಯಿತ್ತು, ಕೊಳ್ಳುವವರಿರಲಿಲ್ಲ. ಅಕ್ಕನ ಮದುವೆ ನಿಶ್ಚಯವಾಗಿತ್ತು. ಒಂದು ದಿನ ಬೆಳಿಗ್ಗೆ ಅಪ್ಪ ಹರಿವಾಣವನ್ನು ಹಳೆಯ ಧೋತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕಿ ನನ್ನನ್ನೂ ಜೊತೆಗೆ ಕರೆದುಕೊಂಡು ಪೇಟೆಗೆ ಹೊರಟರು. ನನಗಾಗ ಹದಿನೇಳು. ಅಂಗಡಿಯವನು ತಕ್ಕಡಿಯಲ್ಲಿಟ್ಟ. ಗ್ರಾಂ ಬಂದು ವರ್ಷಗಳಾಗಿದ್ದರೂ ಅಪ್ಪನ ಸಮಾಧಾನಕ್ಕಾಗಿ ತೊಲೆಯಲ್ಲೇ ಲೆಕ್ಕ ಹೇಳಿದ.

"ಐವತ್ತೆಂಟೂವರೆ ಭಟ್ರೇ."

"ಅರುವತ್ತಿದೆಯಲ್ಲ!"

"ಇತ್ತು. ಒಂದೂವರೆ ಸವೆದಿದೆ."

ಅಪ್ಪ ಮತ್ತೆ ಮಾತಾಡಲಿಲ್ಲ. ತಕ್ಕಡಿಯಲ್ಲಿ ಮೋಸವಿರಲಿಲ್ಲ, ನಾನೇ ನೋಡಿದ್ದೆ. ಆ ಒಂದೂವರೆ ರೂಪಾಯಿ ತೂಕದ ಬೆಳ್ಳಿ ಎಲ್ಲಿ ಹೋಯಿತೆಂದು ದಾರಿಯುದ್ದಕ್ಕೂ ಯೋಚಿಸಿದೆ. ತೊಂಬತ್ತು ವರ್ಷದ ಹಬ್ಬಗಳ ಹಿಂದಿನ ಮಧ್ಯಾಹ್ನಗಳಲ್ಲಿ ಹುಣಿಸೆಹುಳಿ ಬೂದಿಗಳೊಡನೆ ಬಾವಿಕಟ್ಟೆಯ ಚರಂಡಿಯಲ್ಲಿ ಹರಿದು ಬಾಳೆಯ ಬುಡಕ್ಕೆ ಹೋಗಿತ್ತು ಅದು. ಹದಿನೇಳೂವರೆ ಗ್ರಾಂ. ಪಿಜ್ಜಿಯ ಕೈ, ಅಜ್ಜಿಯ ಕೈ, ನಮ್ಮಬ್ಬೆಯ ಕೈ. ಹರಿವಾಣ ಮಾಡಿಸಿದ ಗಂಡಸಿನ ಲೆಕ್ಕ ತಳದಲ್ಲಿ ಬೆಸುಗೆಯಾಗಿ ಉಳಿದಿತ್ತು. ಈ ಹೆಂಗಸರ ಲೆಕ್ಕವನ್ನು ತಕ್ಕಡಿ ಹೇಳಿತು.

ಅಂಗಡಿಯವನು ಒಳ್ಳೆಯವನೇ. ತಳದ ನಾಣ್ಯವನ್ನು ಉಳಿಯಿಂದ ಬಿಡಿಸಿ, "ರಾಣಿ ರೂಪಾಯಿ, ಕಣಿಗೆ ಇಟ್ಟುಕೊಳ್ಳಿ" ಎಂದು ಹಿಂದಕ್ಕೆ ಕೊಟ್ಟ. ಹಿಂಬದಿಯಲ್ಲಿ ಅರ್ಧ ಅಳಿಸಿದ 1862. ಇದನ್ನು ನೋಡಿ ಹರಿವಾಣ ಅದೇ ವರ್ಷದ್ದೆಂದು ನಾನು ಬಹಳ ಕಾಲ ನಂಬಿದ್ದೆ. 1874ರವರೆಗೂ ಸರಕಾರ ಅದೇ 1862ರ ಅಚ್ಚಿನಿಂದಲೇ ರೂಪಾಯಿ ಹೊಡೆಸುತ್ತಿತ್ತೆಂದು ಆಮೇಲೆ ತಿಳಿಯಿತು. ನಾಣ್ಯವೂ ಕೆಲವೊಮ್ಮೆ ವಯಸ್ಸು ಮುಚ್ಚಿಡುತ್ತದೆ. ಉಳಿದ ಬೆಳ್ಳಿಗೆ ಮುನ್ನೂರ ಚಿಲ್ಲರೆ ರೂಪಾಯಿಯ ನೋಟುಗಳು ಬಂದುವು. ಮನೆಗೆ ಬಂದಾಗ ಅಜ್ಜಿ ಜಗಲಿಯಲ್ಲಿ ಕುಳಿತಿದ್ದಳು. ನೋಟು ಎಣಿಸುವುದನ್ನು ನೋಡಲಿಲ್ಲ. "ದೇವರಿಂಗೆ ಕಂಚೂ ಅಕ್ಕು" ಎಂದಷ್ಟೇ ಹೇಳಿ ಒಳಗೆ ಹೋದಳು. ಮುಂದಿನ ಬಿಸುವಿಗೆ ಕಂಚಿನ ಹರಿವಾಣದಲ್ಲಿ ಕಣಿ ಇಟ್ಟಳು. ಕನ್ನಡಿಯ ಮುಂದೆ ಆ ಒಂದು ರೂಪಾಯಿ. ಆ ನಸುಕಿನಲ್ಲಿ ನಮ್ಮ ಕಣ್ಣು ಮುಚ್ಚಿ ಕರೆದುಕೊಂಡು ಹೋಗುವಾಗ ಅವಳ ಅಂಗೈ ಒದ್ದೆಯಿತ್ತು. ಮಿಂದು ಬಂದ ನೀರೋ ಏನೋ, ನಾನು ಕೇಳಲಿಲ್ಲ.

ಹೀಗೆ ಕರಗಿದ್ದು ನಮ್ಮ ಮನೆಯದೊಂದೇ ಅಲ್ಲ. 1980ರ ಜನವರಿಯಲ್ಲಿ ಅಮೆರಿಕದ ಹಂಟ್ ಸಹೋದರರು ಬೆಳ್ಳಿಯನ್ನು ಕೂಡಿಟ್ಟು ಬೆಲೆಯನ್ನು ಔನ್ಸಿಗೆ ಐವತ್ತು ಡಾಲರಿನ ಹತ್ತಿರಕ್ಕೆ ಏರಿಸಿದಾಗ ಪ್ರಪಂಚದ ಎಷ್ಟೋ ಮನೆಗಳ ಪಾತ್ರೆಗಳು ಮೂಸೆಗೆ ಬಿದ್ದುವು. 2025ರಲ್ಲಿ ಇಲ್ಲಿ ಕಿಲೋ ಬೆಳ್ಳಿ ಲಕ್ಷ ರೂಪಾಯಿ ದಾಟಿ ಮುನ್ನಡೆದಾಗ ಮತ್ತೊಮ್ಮೆ ಅದೇ ಅವಸರ. ಅಷ್ಟರಲ್ಲಿ ಪೂಜೆಯ ಬೆಳ್ಳಿಯ ರೂಪವೂ ಬದಲಾಗಿದೆ. ನಾನು ಹುಡುಗನಾಗಿದ್ದಾಗ ನಮ್ಮ ಕಡೆಯ ಮನೆಗಳಲ್ಲಿ ಕಾಣದಿದ್ದ ವರಮಹಾಲಕ್ಷ್ಮಿಯ ಬೆಳ್ಳಿಯ ಮುಖವಾಡ ಈಗ ಘಟ್ಟದ ಮೇಲಿನಿಂದ ಇಳಿದು ಪುತ್ತೂರಿನ ಪೇಟೆಯ ಗಾಜಿನ ಕಪಾಟುಗಳಲ್ಲಿ ನಗುತ್ತಿದೆ. ವ್ರತದ ಬಗ್ಗೆ ನನ್ನ ತಕರಾರಿಲ್ಲ. ಹಬ್ಬಗಳು ಊರಿಂದೂರಿಗೆ ನಡೆಯುವುವೇ. ಆದರೆ ಯಂತ್ರ ಒತ್ತಿದ ಆ ತೆಳುತಗಡನ್ನು ಕೊಳ್ಳುವುದಕ್ಕಾಗಿ ಹಳೆಯ ಕೌಳಿಗೆಯನ್ನು ಕರಗಿಸಲು ಕೊಡುವಾಗ ಏನನ್ನು ಕೊಡುತ್ತಿದ್ದೇವೆಂದು ಒಂದು ಕ್ಷಣ ನೋಡಬೇಡವೇ? ನೂರಕ್ಕೆ ತೊಂಬತ್ತೆರಡರ ಹತ್ತಿರದ ಬೆಳ್ಳಿ ಕಂಡುಬಂದರೆ ಅದು ಹಳೆಯ ರೂಪಾಯಿಯಾಗಿದ್ದಿರಬಹುದು. ಅದರ ಹಿಂದೆ ಧಾರಣೆ ಚೆನ್ನಾಗಿದ್ದ ಯಾವುದೋ ಒಂದು ವರ್ಷದ ಅಡಿಕೆಯಿದೆ, ತೀರ್ವೆಯಿದೆ, ಗಾಡಿದಾರಿಯಿದೆ. ನಮ್ಮ ಒಕ್ಕಲುಗಳು ದಿನಚರಿ ಬರೆದವರಲ್ಲ. ಅವರು ಬಿಟ್ಟುಹೋದ ದಾಖಲೆಗಳು ಇಷ್ಟೇ.

ಕಳೆದ ಶ್ರಾವಣದಲ್ಲಿ ತಮ್ಮನ ಸೊಸೆ ಮನೆಯಲ್ಲಿ ಉಳಿದಿದ್ದ ಕೌಳಿಗೆ ಸಕ್ಕಣವನ್ನು ಕೊಟ್ಟು ಹೊಸದೊಂದು ಜೊತೆ ತರಲೇ ಎಂದು ಕೇಳಿದಳು. ಬೇಡವೆನ್ನಲು ನನಗೇನು ಅಧಿಕಾರ? ಈಗ ಉಜ್ಜುವವಳು ಅವಳು. ಕೊಡುವುದಕ್ಕೆ ಮುಂಚೆ ಒಂದು ದಿನ ನನ್ನಲ್ಲಿರಲಿ ಎಂದೆ. ತೂಗಿಸಿ, ಬೆಳಕಿನಲ್ಲಿ ಹಿಡಿದು ನೋಡಿ, ಹಳೆಯ ಅಡಿಕೆ ಲೆಕ್ಕದ ಪುಸ್ತಕದ ಖಾಲಿ ಹಾಳೆಯಲ್ಲಿ ಬರೆದಿಟ್ಟೆ: ಕೌಳಿಗೆ ಒಂದು, ಸಕ್ಕಣ ಒಂದು, ಎರಡೂ ಕೂಡಿ ಹನ್ನೊಂದೂವರೆ ರೂಪಾಯಿ ತೂಕ, ಸಕ್ಕಣದ ಹಿಡಿ ಒಮ್ಮೆ ಮುರಿದು ಬೆಸುಗೆಯಾಗಿದೆ, ಕೌಳಿಗೆಯ ಬಾಯಿಯ ಎಡಬದಿ, ಹೆಬ್ಬೆರಳು ತಾಗುವಲ್ಲಿ, ಸವೆದು ತೆಳ್ಳಗಾಗಿದೆ.

ಬರೆದದ್ದನ್ನು ಅವಳು ನಿಂತುಕೊಂಡೇ ಓದಿದಳು. ಕೌಳಿಗೆ ಈಗಲೂ ಮನೆಯಲ್ಲಿದೆ. ಪೇಟೆಗೆ ಹೋಗಲು ಪುರುಸೊತ್ತಾಗಲಿಲ್ಲವಂತೆ.